ಕೀತ್ಲಿಯ ಕೀಟಲೆ

ಬರೆಯುವಾಗ ನಡುವೆ ಒಂದು ಗ, ಒಂದು ಹ.
ಓದುವಾಗ ಎರಡೂ ಮಾಯ,
ಆ ಜಾಗದಲ್ಲಿ ಒಂದು ತ್ ಕೂತು ನಗುತ್ತದೆ.
ಕೀತ್ಲಿ.
ಹದಿಮೂರು ವರ್ಷದ ಹಿಂದೆ, ಬರೆದ ಹಾಗೇ ಓದಿ
ಬಸ್ಸಿನವನ ಮುಂದೆ ನಾನು ನಗೆಪಾಟಲಾದ ಊರು.
ಇಂಗ್ಲೆಂಡಿನ ಈ ಗುಡ್ಡದ ಬುಡದಲ್ಲಿ
ಹೆಸರೇ ಒಂದು ಕೀಟಲೆ ಎಂದು
ಅವತ್ತೇ ಗೊತ್ತಾಗಬೇಕಿತ್ತು.

ಈಗ ಇಲ್ಲಿಯ ಶಾಲೆಯಲ್ಲಿ ಮಧ್ಯಾಹ್ನದ ಮೇಲ್ವಿಚಾರಕಿ.
ಹೆಸರು ದೊಡ್ಡದು, ಕೆಲಸ ಇಷ್ಟೇ:
ಹಳದಿ ಜಾಕೆಟ್ಟು, ಒಂದು ಸೀಟಿ,
ತರಚಿದ ಮೊಣಕಾಲಿಗೆ ಒದ್ದೆ ಕಾಗದ,
ಬಟಾಣಿ ಒಲ್ಲದವರ ಜೊತೆ ಇನ್ನೆರಡೇ ಕಾಳಿನ ಚೌಕಾಸಿ.
ಮೊದಲ ಸೀಟಿಗೆ ಎಲ್ಲರೂ ಇದ್ದಲ್ಲೇ ಕಲ್ಲು.
ಎರಡನೆಯದಕ್ಕೆ ಸಾಲು.

ಮಂಗಳವಾರ, ಯಾರದೋ ಜಿಪ್ಪು ಎಳೆಯಲು ಬಗ್ಗಿದ್ದೆ,
ಸೀಟಿ ಬೆಂಚಿನ ಮೇಲಿತ್ತು.
ಊದಿದವನು ಆಲ್ಫಿ ಗ್ರೀನ್‌ವುಡ್,
ಆರು ವರ್ಷ, ಮೇಲಿನ ಹಲ್ಲೆರಡಿಲ್ಲ.
ಇನ್ನೂರು ಮಕ್ಕಳು ಕಲ್ಲಾದರು.
ಕುಂಟಾಟದವಳು ಒಂಟಿಕಾಲಲ್ಲೇ ನಿಂತಳು.
ಗೇಟಿನ ಹತ್ತಿರ ಹೆಡ್‌ಮಿಸ್ಟ್ರೆಸ್ಸೂ, ಕೈಯ ಕಾಫಿ ಸಮೇತ.
ಅವನು ಸೊಂಟಕ್ಕೆ ಕೈಯಿಟ್ಟು,
ನನ್ನ ಹಾಗೇ ಎಡಗಾಲು ತುಸು ಎಳೆದು
ಕಲ್ಲುಗಳ ನಡುವೆ ನಡೆದ:
"ವಾಕಿಂಗ್, ವಾಕಿಂಗ್! ನೋ ರನ್ನಿಂಗ್, ಮಕ್ಕಳೇ!"

ಆ ವ ನನ್ನದೇ. ಹಲ್ಲಿಗೆ ತುಟಿ ತಾಗುವ ಕಾರ್ಕಳದ ವ.
ಹಲ್ಲಿಲ್ಲದ ಬಾಯಲ್ಲಿ ಅದನ್ನು ಹೇಗೆ ತಂದನೋ.
ಆ "ಮಕ್ಕಳೇ"
ನನ್ನ ಬಾಯಿಂದ ಯಾವಾಗ ಜಾರಿತ್ತೋ, ಯಾರು ಹೆಕ್ಕಿಟ್ಟುಕೊಂಡಿದ್ದರೋ.

ಬ್ರೆಂಡಾ ಪುಸ್ತಕ ತಂದಿಟ್ಟಳು, ಆದದ್ದನ್ನೆಲ್ಲ ಬರೆಯುವ ಪುಸ್ತಕ.
ನಾಟಿ ಎಂದರೆ (ನಮ್ಮಲ್ಲಾದರೆ ಗದ್ದೆಗೆ, ಕೋಳಿಗೆ)
ಸಂಜೆ ಅವನಮ್ಮನಿಗೆ ಫೋನು.
ರೂಡ್ ಎಂದರೆ ಮೂರು ದಿನ ಆಟವಿಲ್ಲ.
ಚೀಕಿ ಎಂದರೆ?
ಬ್ರೆಂಡಾ ಭುಜ ಕುಣಿಸಿದಳು:
ಅದಾದರೆ ಬರೆಯೋದೇ ಬೇಡ, ಲವ್.

ಪೆನ್ನು ಹಿಡಿದು ಕೂತೆ.
ಅಮ್ಮನಾದರೆ ಅಧಿಕಪ್ರಸಂಗಿ ಅನ್ನುತ್ತಿದ್ದಳು,
ಅಷ್ಟುದ್ದದ ಪದ ಮುಗಿಯುವುದರೊಳಗೆ ನಾನು ಅಂಗಳ ದಾಟಿರುತ್ತಿದ್ದೆ.
ನಮ್ಮಲ್ಲಿ ಇದು ತಲೆಗೇರಿದರೆ ತಲೆಹರಟೆ,
ಹಿಂದುಗಡೆಯಾದರೆ ಬಾಲ ಬಿಚ್ಚುವುದು,
ನಾಲಗೆಗೆ ಬಂತೋ, ಅದರ ಉದ್ದ ಅಳೆಯುತ್ತಾರೆ.
ಇವರು ಕೆನ್ನೆಯಲ್ಲಿ ಇಟ್ಟುಕೊಂಡಿದ್ದಾರೆ.
ಏಟೂ ಮುತ್ತೂ ಬೀಳುವ ಜಾಗ ಅಂತಲೇ?

ನಮ್ಮ ಕಡೆಯ ಪದವೊಂದಿದೆ, ಲೂಟಿ.
ಎಂತ ಲೂಟಿ ಮಾರಾಯ ನಿಂದು!
ಅದನ್ನೇ ಬರೆದುಬಿಟ್ಟಿದ್ದರೆ
ಪೊಲೀಸರು ಬರುತ್ತಿದ್ದರು.

ಮಾರ್ಚಿನಲ್ಲಿ, ಬಸ್ ಸ್ಟಾಪಿನಲ್ಲಿ
ಒಬ್ಬ ದೊಡ್ಡವನೂ ಈ ವ ಹೇಳಿದ್ದ.
ಫೋನಿನಲ್ಲಿದ್ದೆ ನಾನು, ನನ್ನ ಮಾತನ್ನೇ ಎತ್ತಿ ಎತ್ತಿ
ತನ್ನವರ ನಡುವೆ ಒಗೆದ. ಅವರು ನಕ್ಕರು.
ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಅಣಕ ಅದೇ. ಅಕ್ಷರವೂ ಅದೇ.
ಆಲ್ಫಿ ಮಾತ್ರ, ಇಡೀ ಅಂಗಳ ನಗುತ್ತಿರುವಾಗ
ಅವರನ್ನೆಲ್ಲ ಬಿಟ್ಟು, ಕತ್ತು ತಿರುಗಿಸಿ
ನನ್ನನ್ನು ನೋಡಿದ.
ನಕ್ಕಳಾ?
ಇನ್ನೂ ಇಲ್ಲವಾ?

ಆ ಪದದ ಅರ್ಥ ಅಷ್ಟೇ ಇರಬೇಕು,
ಆ ಕತ್ತು ತಿರುಗಿದಷ್ಟು.

ಪುಸ್ತಕದಲ್ಲಿ ತಾರೀಖು ಹಾಕಿ ಬರೆದೆ:
ಟಿಲ್ಲಿ ಬಿದ್ದಳು. ಒದ್ದೆ ಕಾಗದ ಕೊಡಲಾಯಿತು.
ಅದೂ ಸುಳ್ಳೇನಲ್ಲ.

ಸೀಟಿಯ ಮಾತು ಬಿಟ್ಟೇ ಹೋಯಿತು.
ಅವನೇ ತಂದುಕೊಟ್ಟ, ಅಂಗಿಗೆ ಒರೆಸಿ. ಆದರೂ ಒದ್ದೆ.
ಎಂಜಲು ಅಂದರೇನು ಅಂತ ಬ್ರೆಂಡಾಗೆ ಹೇಳಿಕೊಡಲು
ಇನ್ನೊಂದು ಹದಿಮೂರು ವರ್ಷ ಬೇಕು.
ನಲ್ಲಿಯ ತನಕ ಹೋದೆ. ಕೊರೆಯುವ ನೀರು.
ಗಂಟೆ ಒಂದೂಕಾಲು, ಮಕ್ಕಳು ಇನ್ನೂ ಚೆಲ್ಲಾಪಿಲ್ಲಿ.

ಹಾಗೇ ಊದಿದೆ.
ಉಪ್ಪು, ವಿನೆಗರ್,
ಆಲೂಗಡ್ಡೆ ಚಿಪ್ಸಿನ ಚೂರು.