ಹಸಿರು ಚೀಟಿ

ತರಬೇತಿ ಎಂದು ನಮ್ಮನ್ನು
ಕಂಟೇನರಿನ ತಣ್ಣನೆ ಹೊಟ್ಟೆಯಲ್ಲಿ ಕೂರಿಸಿ
ಕಾಗದದ ಲೋಟ ನಲವತ್ತು ಕೊಟ್ಟು
'ಒಟ್ಟಾಗಿ ಒಂದು ಗೋಪುರ ಕಟ್ಟಿ' ಅಂದರು.
ಜುಬೈಲಿನಲ್ಲಿ, ಸೆಪ್ಟೆಂಬರಿನ ಸೆಕೆಯಲ್ಲಿ.
ಪೈಪಿಗೆ ಪೈಪು ಕೂಡಿಸಿ
ಹತ್ತು ಮಾಳಿಗೆಯೆತ್ತರ ಅಟ್ಟ ಏರಿಸುವವರು ನಾವು.
ಗುಲ್ ಜಮಾನ್ ಲೋಟದೊಳಗೆ ಇಣುಕಿ ಕೇಳಿದ:
'ಚಹಾ ಎಲ್ಲಿ?'

ಗೋಪುರ ಮೂರು ಸಲ ಬಿತ್ತು.
ಟೈ ಕಟ್ಟಿದವನು ಚಪ್ಪಾಳೆ ತಟ್ಟಿ
ಎಲ್ಲರಿಗೂ ಒಂದೊಂದು ಸರ್ಟಿಫಿಕೇಟು ಹಂಚಿದ.
ನನ್ನದರಲ್ಲಿ, ಶೀನ ಮೊಗವೀರ ಹೋಗಿ
'ಸಿನಾ ಮೊಗಾವಿ' ಆಗಿತ್ತು.

ಫೋರ್ಮನ್ ನಾನು, ಹನ್ನೊಂದು ಮಂದಿಗೆ.
ಅಪ್ಪ ಕೋಡಿಯಲ್ಲಿ ತಾಂಡೇಲ.
ಬಲೆ ಎಳೆದು ಮೀನು ಪಾಲು ಮಾಡುವಾಗ
ತನ್ನದನ್ನು ಕೊನೆಗೆ ಎತ್ತುತ್ತಿದ್ದ.
ಅವನಿಂದ ನನಗೆ ಬಂದದ್ದು ಸ್ವರ ಮಾತ್ರ,
ಅಲೆಯ ಮೇಲಿಂದ ಆಚೆ ದೋಣಿಗೆ ಮುಟ್ಟುವ ಸ್ವರ.

ಶಟ್‌ಡೌನಿನ ಒಂಬತ್ತನೆಯ ರಾತ್ರಿ.
ನಿಂತ ಸ್ಥಾವರಕ್ಕೆ ಗಂಟೆಗಂಟೆಗೂ ಲೆಕ್ಕ.
ರೇಡಿಯೋದಲ್ಲಿ ರೋಮೆಲ್:
'ಶೀನಾ, ವೆಲ್ಡರುಗಳು ಕಾಯ್ತಾ ಇದ್ದಾರೆ.'
ಕತ್ತೆತ್ತಿ ಕೂಗಿದೆ: 'ಹೋಗಯಾ?'
ಕತ್ತಲೆಯಿಂದ ಯಾರೋ: 'ಹೋಗಯಾ.'
ಹಸಿರು ಚೀಟಿಗೆ ಸಹಿ ಹಾಕಿ
ಏಣಿಯ ಬುಡಕ್ಕೆ ಸಿಕ್ಕಿಸಿದೆ.
ಇದರ ಮೇಲೆ ಮನುಷ್ಯರು ನಿಲ್ಲಬಹುದು ಎಂದು ಅದರ ಅರ್ಥ.

ನೀರು ಕುಡಿದು ಬರುವಷ್ಟರಲ್ಲಿ
ಚೀಟಿ ಇಲ್ಲ.

ತಿಲಕ್ ಬಹಾದೂರನ ಕಿಸೆಯಲ್ಲಿ
ಒಂದು ಹಸಿರು ಮೂಲೆ.
ಬಂದು ನಾಲ್ಕು ತಿಂಗಳು ತುಂಬದ ಹೆಲ್ಪರು,
ಮೀಸೆ ಇನ್ನೂ ಯೋಚಿಸುತ್ತಿದೆ ಬರಲೋ ಬೇಡವೋ ಎಂದು.
ಬೈದೆ. ಕುಂದಾಪ್ರದ ಮಾತಲ್ಲೇ ಬೈದೆ:
'ಚೀಟಿ ತೆಗೂಕೆ ನಿಂಗ್ ಹೇಳದ್ ಯಾರಾ?'
ಒಂದಕ್ಷರ ಬಾರದವನಿಗೆ
ಎಲ್ಲವೂ ಅರ್ಥವಾಯಿತು.
ಉತ್ತರ ಕೊಡಲಿಲ್ಲ. ಸ್ಪ್ಯಾನರು ಹಿಡಿದು
ಒಂದೊಂದೇ ಕ್ಲಾಂಪು ತಟ್ಟುತ್ತ ಹತ್ತಿದ.
ಟಿಣ್. ಟಿಣ್. ಟಿಣ್. ಟಿಣ್.
ಮೂರನೇ ಅಟ್ಟದಲ್ಲಿ
ಟಕ್.

ಅಬ್ಬಿ ಮಡಕೆ ಕೊಳ್ಳುವಾಗ
ಬೆರಳ ಗೆಣ್ಣಿನಿಂದ ತಟ್ಟಿ
ಬದಿಗಿಡುತ್ತಿದ್ದ ಮಡಕೆಯ ಸದ್ದು.

ಬಿಚ್ಚಿ ಮತ್ತೆ ಕಟ್ಟಿದೆವು, ಎರಡು ಗಂಟೆ ತಡ.
ಯಾರಿಂದ ತಡ ಎಂಬ ಖಾಲಿ ಗೆರೆಯ ಮೇಲೆ
ನನ್ನ ಹೆಸರು ಬರೆದೆ, ಅಕ್ಷರ ತಪ್ಪದ ಹಾಗೆ.
ದೊಡ್ಡತನವೇನಲ್ಲ.
ಹನ್ನೊಂದು ಹೆಲ್ಮೆಟ್ಟುಗಳ ದೀಪ
ನನ್ನ ಕೈ ಮೇಲೇ ಬಿದ್ದಿತ್ತು.

ಬೆಳಗಿನ ಜಾವ, ಬಸ್ಸು ಬರುವ ಮುಂಚೆ
ಮೊಕ್ಸೆದ್ ಹತ್ತಿರ ಬಂದ, ಮಾತೇ ಆಡದ ಆಸಾಮಿ.
ತನ್ನ ಬೆಲ್ಟಿನ ಹೊಲಿಗೆ ಬಿಟ್ಟಿದೆ ಅಂದ.
ಎಷ್ಟು ದಿನವಾಯ್ತು?
ಎರಡು ವಾರ.
ಅವನ ಬೆನ್ನಿಗೇ ರಾಮಸೂರತ್:
ರಾತ್ರಿ ಹೊತ್ತು ಕಣ್ಣು ಮಂಜು, ಗುರುತು ಹಿಡಿಯುವುದು ಕಷ್ಟ.
ಎರಡು ವಾರ, ಆ ಹೊಲಿಗೆಯಲ್ಲಿ
ಮೊಕ್ಸೆದ್ ನನ್ನ ತಲೆಯ ಮೇಲೆ ತೂಗುತ್ತಿದ್ದ.
ಹೇಳಲಿಲ್ಲ ಯಾಕೆ ಮಾರಾಯಾ?
ಅವನು ಬೂಟಿನ ಮರಳು ಕೊಡವುತ್ತ ಅಂದ:
'ಉಸ್ತಾದ್ ಕೇಳುವುದು ಒಂದೇ. ಹೋಗಯಾ?'

ಗುಲ್ ಜಮಾನ್ ತರಬೇತಿಯ ಲೋಟಗಳನ್ನು
ಚೀಲದಲ್ಲಿ ಕದ್ದು ತಂದಿದ್ದ.
ಚಹಾ ಸುರಿದ. ಕಾಗದ ಮೆತ್ತಗಾಗುವ ಮೊದಲು
ಎಲ್ಲರೂ ಎತ್ತಿಕೊಂಡರು.
ಕಡೆಯ ಲೋಟ ನನಗೆ ಉಳಿಯಿತು:
ಅರ್ಧ ಚಹಾ, ಅರ್ಧ ಗಷ್ಟು.

ಕೇಳುವುದು ಎಂಬ ಮಾತಿಗೆ
ನನ್ನ ಭಾಷೆಯಲ್ಲಿ ಎರಡು ಅರ್ಥ.
ಹದಿನಾರು ವರ್ಷ ಒಂದರಲ್ಲೇ ದುಡಿದೆ.

ಈ ರಾತ್ರಿ ಮತ್ತೆ ರೇಡಿಯೋ ಕರಕರ ಅನ್ನುತ್ತಿದೆ.
ತಿಲಕ ಮೇಲೆ ಹತ್ತುತ್ತಿದ್ದಾನೆ.
ಚೀಟಿ ನನ್ನ ಕೈಯಲ್ಲಿದೆ, ಸಹಿಯಿಲ್ಲ.
ಬಾಯಿ ಅಭ್ಯಾಸಕ್ಕೆ ತೆರೆಯುತ್ತದೆ,
ಮುಚ್ಚಿಕೊಳ್ಳುತ್ತೇನೆ.
ಟಿಣ್.
ರೋಮೆಲ್, ತಡಿ ಸ್ವಲ್ಪ.
ಟಿಣ್.