ಬಾವಲಿಯ ಲೆಕ್ಕ

ಕೊಂಡ ಬೆಲೆಯನ್ನು ನಾನು ಅಂಕಿಯಲ್ಲಿ ಬರೆಯುವುದಿಲ್ಲ.
ನಮ್ಮ ಸ್ಪ್ಯಾನಿಷಿನಲ್ಲಿ ಬಾವಲಿಗೆ ಹತ್ತು ಅಕ್ಷರ,
ಒಂದೂ ಮರುಕಳಿಸದು. ಒಂದರಿಂದ ಸೊನ್ನೆಯವರೆಗೆ
ತಲೆಕೆಳಗಾಗಿ ತೂಗುತ್ತವೆ.
ಕಲಿಸಿದವನು ಮುದುಕ ಬೆರ್ರೂತಿ, ಹರಿದ ಕೈಗವಸಿನ ಜಿಪುಣ:
ಕೊನೆಯ ಹಾಳೆ, ಒಳಮೂಲೆ, ಸೀಸದಕಡ್ಡಿ, ಮೆಲ್ಲಗೆ.
ಗಿರಾಕಿಗೆ ಕಂಡರೂ ಕಾಣಬಾರದು.

ಮೊಂಟೆವಿಡಿಯೊದ ಭಾನುವಾರದ ಸಂತೆಬೀದಿ.
ಗಾಳಿಗೆ ಟಾರ್ಪಾಲು ಪಟಪಟ.
ಸೋರೆಬುರುಡೆಯ ಕಷಾಯ ಹೀರುತ್ತ ಕೂತಿದ್ದೆ.
ಮೊಮ್ಮಗುವಿನ ತಳ್ಳುಗಾಡಿಯಲ್ಲಿ
ತೀರಿಕೊಂಡ ಗಂಡನ ಪುಸ್ತಕ ಹೇರಿಕೊಂಡು
ಸುಲ್ಮಾ ಎಂಬಾಕೆ ಬಂದಳು.

ಕಡಲಹಕ್ಕಿಗಳ ಸಂಪುಟ, ಕೈಬಣ್ಣದ ಚಿತ್ರ ನಲವತ್ತೆರಡು.
ಎಣಿಸಿದೆ, ರೂಢಿ. ಒಂದೂ ಕಡಿಮೆಯಿಲ್ಲ.
ಕೊನೆಯ ಹಾಳೆಯಲ್ಲಿ ನನ್ನದೇ ಕೈ,
ಇನ್ನೂ ನಡುಗದಿದ್ದ ಕಾಲದ್ದು:
ಬಾವಲಿಯ ಮೂರನೆಯ ಅಕ್ಷರ, ಪಕ್ಕದಲ್ಲಿ ಹತ್ತನೆಯದು.
ಮೂವತ್ತು.

ಮಾರಿದ್ದು ಒಂಬೈನೂರಕ್ಕೆ. ಹಡಗುಕಟ್ಟೆಯ ಗುಮಾಸ್ತ, ಮೂರು ಕಂತು.
ಕೊನೆಯ ಕಂತಿಗೆ ಇಸ್ತ್ರಿಯ ಅಂಗಿ ತೊಟ್ಟು ಬಂದಿದ್ದ,
ಹೆಣ್ಣು ನೋಡಲು ಹೊರಟವನ ಹಾಗೆ.
ಮೂವತ್ತಕ್ಕೆ ಕೊಟ್ಟುಹೋದವಳೂ ಗಂಡ ಸತ್ತವಳೇ.
ಅವಳ ಮುಖ ಮಾತ್ರ ನೆನಪಿಲ್ಲ.

‘ಏನಿದು ಗೀಚು?’ ಎಂದಳು ಸುಲ್ಮಾ.
‘ಬಾವಲಿ.’
‘ಹಕ್ಕಿಪುಸ್ತಕದಲ್ಲಿ ಅದಕ್ಕೇನು ಕೆಲಸ!’ ನಕ್ಕಳು.

ಆಗ ಬೆಲೆ ಹೇಳಿದೆ. ನಿಜವಾದ ಬೆಲೆ,
ನಲವತ್ತು ವರ್ಷದಲ್ಲಿ ಯಾರಿಗೂ ಹೇಳದ್ದು.
ನಗು ನಿಂತಿತು. ನನ್ನನ್ನೇ ದಿಟ್ಟಿಸಿದಳು:
‘ನೀನೇ ಇಷ್ಟು ಕೊಡುವುದಾದರೆ
ಇದು ಇನ್ನೆಷ್ಟು ಬಾಳುತ್ತದೋ.’

ಗಾಡಿ ತಿರುಗಿಸಿದಳು.
ಅದರ ಒಂದು ಚಕ್ರ ಕೀಚುಗುಟ್ಟುತ್ತಿತ್ತು,
ಬೀದಿಯ ಕೊನೆವರೆಗೂ.