ಕೆಮ್ಮು

ಹಂಚಿನಮನಿ ಡಾಕ್ಟರು ಧಾರವಾಡದಾಗ ಹಲ್ಲು ಕೀಳತಾರ.
ವರ್ಷಕ್ಕೆರಡು ಸಲ ಹುಬ್ಬಳ್ಳಿಗೆ ಬಂದು
ನನ್ನ ಸ್ಟೂಲಿನ ಮ್ಯಾಲ ತಾವ ಪೇಶಂಟಾಗಿ ಕೂಡತಾರ.
'ದಾವಲಸಾಬ, ಕಿವಿಗೊಟ್ಟು ಕೇಳು.
ಆರು ಸಾವಿರ ದಾಟಿದ ಕೂಡಲೇ ಕೆಮ್ಮತೈತಿ.'

ಗೋಕುಲ ರೋಡಿನ ಶೆಡ್ಡು. ಬಾಗಿಲದಾಗ ಟೆಂಪೋದ ಕ್ಲಚ್ಚು,
ಮೂಲ್ಯಾಗ ಯಾರದೋ ಟ್ರ್ಯಾಕ್ಟರಿನ ಗೇರುಡಬ್ಬಿ,
ನಡುವ ಈ ಗಿಡ್ಡ ಕೆಂಪು ಕಾರು,
ಓಣಿಯ ಒಂದೊಂದು ಹಂಪಿಗೂ ಹೊಟ್ಟಿ ತರಚಿಕೊಂಡು ಬಂದದ್ದು.
ಮುಚ್ಚಳ ತೆಗದ್ರ ಆರು ತುತ್ತೂರಿ ಸಾಲಾಗಿ.
ಗಾಳಿ ತುರುಕೋ ಯಂತ್ರ ಒಂದೂ ಇಲ್ಲ.
ಎಷ್ಟು ಬೇಕೋ ಅಷ್ಟು ತಾನ ಎಳಕೋತೈತಿ.

ಟರ್ಬೋ ಅಂದ್ರೇನಂತ ನನ್ನ ಕೇಳಿದ್ರ,
ಉಂಡವನ ಬಾಯಾಗ ಇನ್ನೊಂದು ಹೋಳಿಗಿ ಇಡೂದು.
ತಪ್ಪಂತ ಅನ್ನಾಕಿಲ್ಲ. ಬೀಗರಿಗೆ ಎಲ್ಲರೂ ಹಂಗ ಮಾಡತಾರ,
ಮೈಯಾಗ ಕಸುವೂ ಬರತೈತಿ.
ಆದ್ರ ಹಸದು ಉಣ್ಣವನ ಮಾರಿ ಬ್ಯಾರೆ.

ಡಿಸೆಂಬರಿನ ಐದು ಗಂಟೆ, ಗಬ್ಬೂರ ದಾಟಿ ಬೈಪಾಸು.
ಥಂಡಿ ಗಾಳಿ ದಪ್ಪ ಇರತೈತಿ, ಮೊಸರಿನಂಗ.
ಕಾಲು ಒತ್ತಿದೆ. ಮೂರು ಸಾವಿರಕ್ಕ ಗೊಣಗಿತು,
ಐದಕ್ಕ ಗಂಟಲು ಬಿಚ್ಚಿತು,
ಆರಕ್ಕ ಖೊಕ್ಕ್ ಅಂತೊಮ್ಮೆ,
ಆಮ್ಯಾಲ ಏಳು, ಏಳೂವರಿ,
ಎಂಟಕ್ಕ ನನ್ನ ಬೆನ್ನಹುರಿ ಯಾವುದು, ಅದರ ಶಾಫ್ಟು ಯಾವುದು
ತಿಳೀಲಿಲ್ಲ.
ಎದುರಿನ ಲಾರಿಯಂವ ಲೈಟು ಹೊಡದು ಬೈದ.
ಬೈದದ್ದು ಕೇಳಸಲಿಲ್ಲ.

ಗ್ಯಾಸ್ಕೆಟ್ಟು ಸೋರತಿತ್ತು. ಕಂಪನಿಗೆ ಬರದ್ರ ಉತ್ತರ ಬಂತು:
ಇನ್ನ ಮ್ಯಾಲ ಮಾಡೂದಿಲ್ಲ.
ಹೊಗಿಯ ಕಾನೂನು, ಬ್ಯಾಟರಿಯ ಕಾಲ.
ನನ್ನ ತಂಗೀ ಮಗಳು ಮೆಹಜಬೀನ ಅದನ್ನ ಓದತಾಳ, ಬ್ಯಾಟರಿ.
ನನ್ನ ಶೆಡ್ಡಿನ್ಯಾಗ ಲ್ಯಾಪ್‌ಟಾಪು ಮೊದಲ ತಂದಾಕಿ ಆಕಿನ.
'ಮಾಮಾ, ಹೊಸಾ ಕರೆಂಟಿನ ಕಾರು ಇದನ್ನ ಹಿಂದ ಹಾಕತೈತಿ, ಸಪ್ಪಳ ಇಲ್ಲದ.
ಮಂದಿಗೆ ಬ್ಯಾಸರ ಆಗಬಾರದಂತ ಒಳಗ ಸ್ಪೀಕರ್ ಇಟ್ಟಾರ,
ಹಳೇ ಇಂಜಿನ್ನಿನ ದನಿ ಬರತೈತಿ.'

ಡಾಕ್ಟರು ಸ್ಟೂಲು ಬಿಟ್ಟೆದ್ದರು: 'ಕಟ್ಟಿಸಿದ ಹಲ್ಲು!'
'ನೀವ ಕಟ್ಟತೀರಲ್ರೀ,' ಅಂದ್ಲು ಹುಡುಗಿ,
'ಮಂದಿ ಅದರಾಗ ಖಡಕ್ ರೊಟ್ಟಿ ತಿಂತಾರ.'

ನಾನು ನಗಬೇಕಂದೆ. ನಗಿ ಬರಲಿಲ್ಲ.

ನಮ್ಮಜ್ಜ ಪಿಂಜಾರ. ಹೆಗಲ ಮ್ಯಾಲ ಬಿಲ್ಲು, ಗಣೇಶಪ್ಯಾಟಿಯಿಂದ
ಹಳೇ ಹುಬ್ಬಳ್ಳಿ ತನಕ ಓಣಿ ಓಣಿ.
ಟೈಂವ್ ಅಂತ ತಂತಿ ಮಿಡಿದ್ರ ಗಂಟುಗಟ್ಟಿದ ಹತ್ತಿ
ನೊರಿಯಾಗಿ ಮ್ಯಾಲ ಏಳತಿತ್ತು.
ಹತ್ತಿ ಹಿಂಜೂ ಮಷಿನ್ ಬಂತು, ಬಿಲ್ಲು ಅಟ್ಟ ಏರಿತು.
ಆ ಸಪ್ಪಳದಾಗ ಬೆಳದ ನಮಗ ನಿದ್ದಿನ ಹತ್ತವಲ್ದು.
ಅಜ್ಜ ಕತ್ತಲದಾಗ ಗಾದಿಯ ತುದಿಗೆ ಕುಂತು
ಬಾಯಲೆ ಮಿಡಿದ: ಟೈಂವ್, ಟೈಂವ್, ಟೈಂವ್.
ಹತ್ತಿ ಇಲ್ಲ, ತಂತಿ ಇಲ್ಲ, ಬೋಳು ಬಾಯಿ.
ಖೊಟ್ಟಿ ಸಪ್ಪಳ.
ನಮಗ ಬಂದದ್ದು ಮಾತ್ರ ಖರೇ ನಿದ್ದಿ.

ಗ್ಯಾಸ್ಕೆಟ್ಟಿನ ಹಾಳಿ ನೆಲಕ್ಕ ಹಾಸಿದೆ,
ಹಳೇದನ್ನ ಮ್ಯಾಲಿಟ್ಟು ಪೆನ್ಸಿಲ್ ಎಳದೆ,
ಅವ್ವನ ಗಾದಿ ಹೊಲಿಯೋ ಕತ್ತರಿಲೆ ಕತ್ತರಿಸಿದೆ.
ಇದು ಎರಡು ವರ್ಷ ತಡದೀತು. ಮೂರು ಅಂದ್ರ ಸುಳ್ಳು ಹೇಳಿದಂಗ.

ಇನ್ನೂ ಜೋಡಿಸಿರಲಿಲ್ಲ. ಮೆಹಜಬೀನಗ ಕರದು ಹೇಳಿದೆ,
'ಹಳೇದನ್ನ ಮತ್ತ ಹಾಕತೀನಿ, ಮೊಬೈಲ್ ತಾ.
ಕೆಮ್ಮು ಹೋಗೂಕಿಂತ ಮೊದಲ ಹಿಡದಿಟ್ಟುಕೋ.
ಸ್ಪೀಕರಿನ್ಯಾಗ ಅವರು ಅದನ್ನ ಹಾಕಿರೂದಿಲ್ಲ.'

ಆಕಿ ಸೈಲೆನ್ಸರಿನ ಬಾಯಿಗೆ ಮೊಬೈಲ್ ಹಿಡದ್ಲು.
ಆರು ಸಾವಿರ ಬರೂತನಕ
ಡಾಕ್ಟರು ಉಸಿರ ಆಡಲಿಲ್ಲ.